ನೇರವಾಗಿ ಕೇಳಬಹುದಾ?

ಪ್ರಶ್ನೆ: ಭಾವ 22 ವರ್ಷ ಸೈನ್ಯದಲ್ಲಿದ್ದು ಹವಾಲ್ದಾರ್ ಆಗಿ ನಿವೃತ್ತರಾದರು. ಈಗ ನಿದ್ದೆಯಿಲ್ಲ, ರಾತ್ರಿಯಿಡೀ ಜಗಲಿಯಲ್ಲಿ ಕೂತಿರುತ್ತಾರೆ. ಮೊನ್ನೆ ಪದಕಗಳನ್ನೆಲ್ಲ ಮಗನ ಕೈಗಿಟ್ಟು ‘ಇನ್ನು ನಿಂದೇ’ ಅಂದರು. ಸಾಯುವ ಯೋಚನೆ ಇದೆಯಾ ಅಂತ ಕೇಳಿದರೆ, ಇಲ್ಲದ್ದನ್ನು ತಲೆಗೆ ತುಂಬಿದ ಹಾಗಾಗುತ್ತದಾ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಇಲ್ಲ. ಇವತ್ತೇ ಕೇಳಿ. ಮನೆಯವರಿಗೆ, ಗೆಳೆಯರಿಗೆ ಕೊಡುವ ತರಬೇತಿಯಲ್ಲಿ ಎದುರುಬದುರು ಕೂರಿಸಿ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿಸುತ್ತೇವೆ. ಎಲ್ಲರೂ ತಡವರಿಸುತ್ತಾರೆ. ಕಲಿಯುವಾಗ ನಾನೂ ಎರಡು ಸಲ ನೀರು ಕುಡಿದಿದ್ದೆ! ‘ಭಾವ, ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಅಷ್ಟೇ. ಆಮೇಲೆ ಸುಮ್ನಿರಿ, ಅವರು ಮಾತಾಡಲಿ. ‘ಸೈನಿಕ ಆಗಿ ಹೀಗಾ?’ ಅಂತ ಮಾತ್ರ ಅನ್ನಬೇಡಿ.

ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ನಿಮ್ಮದು ಕೊಡಗು ಅಲ್ವಾ, ಮನೆಯಲ್ಲಿ ಕೋವಿ ಇರಬಹುದು. ಅವರು ಹೌದು ಅನ್ನಲಿ, ಇಲ್ಲ ಅನ್ನಲಿ, ಅದಕ್ಕೆ ಬೀಗ ಹಾಕಿ ಕೀಲಿಕೈ ನೀವಿಟ್ಟುಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ. ನೀವೂ ಮಾಡಬಹುದು. ತೀರಾ ತುರ್ತಾದರೆ 112. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದರೆ ಅದರ ಪಾಲಿಕ್ಲಿನಿಕ್‌ನಿಂದ ಮನೋವೈದ್ಯರಿಗೆ ರೆಫರ್ ಮಾಡಿಸಿ, ಜೊತೆಯಲ್ಲಿ ನೀವೂ ಹೋಗಿ. ಅವರ ಹಳೆಯ ತುಕಡಿಯ ಗೆಳೆಯರು ಯಾರಾದರೂ ಹತ್ತಿರದಲ್ಲಿದ್ದರೆ ಕರೆಸಿ. ನಮಗೆ ಹೇಳದ್ದನ್ನು ಅವರಿಗೆ ಹೇಳಿಯಾರು.