ಬೆಲ್ಟ್ ಇದೆ, ಹುಕ್ ಎಲ್ಲಿದೆ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಶೀಟ್ ಕೆಲಸದ ಮೇಸ್ತ್ರಿ. ಮಳೆಗಾಲಕ್ಕೆ ಮುಂಚೆ ಮಂಡಕ್ಕಿ ಭಟ್ಟಿ, ರೈಸ್ ಮಿಲ್ ಗೋಡೌನುಗಳ ಸಿಮೆಂಟ್ ಶೀಟ್ ಬದಲಿಸುತ್ತೇವೆ. ಎತ್ತರ ಹೆಚ್ಚೆಂದರೆ 15 ಅಡಿ. ಈ ಸಲ ಹುಡುಗರಿಗೆ ಫುಲ್ ಬಾಡಿ ಹಾರ್ನೆಸ್, ಅಂದರೆ ಭುಜಕ್ಕೂ ತೊಡೆಗೂ ಪಟ್ಟಿ ಬರುವ ಬೆಲ್ಟ್ ತಂದಿದ್ದೇನೆ. 6 ಅಡಿ ಹಗ್ಗ, ಅದಕ್ಕೆ ಬಿದ್ದಾಗ ಬಿಚ್ಚಿಕೊಂಡು ಜರ್ಕ್ ತಗ್ಗಿಸುವ ಶಾಕ್ ಅಬ್ಸಾರ್ಬರ್ ಇದೆ. ಕಾಲ ಹತ್ತಿರದ ಪರ್ಲಿನ್‌ಗೆ (ಶೀಟ್ ಕೂರುವ ಅಡ್ಡಪಟ್ಟಿಗೆ) ಹುಕ್ ಹಾಕಿಕೊಳ್ಳುತ್ತಾರೆ. ಇಷ್ಟು ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ ಮೇಸ್ತ್ರಿ. ಸೊಂಟದ ಬೆಲ್ಟ್ ಬಿಟ್ಟು ಹಾರ್ನೆಸ್ ತಂದಿದ್ದು ಒಳ್ಳೆಯದೇ ಆಯಿತು. ಸೊಂಟದ ಬೆಲ್ಟಿನಲ್ಲಿ ಬಿದ್ದರೆ ಜರ್ಕ್ ಎಲ್ಲ ಹೊಟ್ಟೆಗೂ ಬೆನ್ನುಮೂಳೆಗೂ ಹೊಡೆಯುತ್ತದೆ. ತೊಂದರೆ ಇರುವುದು ಹುಕ್ ಹಾಕಿದ ಜಾಗದಲ್ಲಿ.

ಲೆಕ್ಕ ಹಾಕಿ ನೋಡಿ. ಹಗ್ಗ ಕಟ್ಟುವ ಬೆನ್ನಿನ ರಿಂಗ್ ಕಾಲಿಗಿಂತ ಸುಮಾರು 5 ಅಡಿ ಮೇಲಿರುತ್ತದೆ. ಕಾಲ ಬಳಿ ಹುಕ್ ಹಾಕಿದವನು ಬಿದ್ದರೆ, 6 ಅಡಿ ಹಗ್ಗ ಬಿಗಿಯಾಗುವ ಹೊತ್ತಿಗೆ ಅವನ ಪಾದ 11 ಅಡಿ ಕೆಳಗಿರುತ್ತದೆ. ಆಮೇಲೆ ಅಬ್ಸಾರ್ಬರ್ ಬಿಚ್ಚಿಕೊಳ್ಳುತ್ತದೆ. ಅದು 1.75 ಮೀಟರ್ ತನಕ, ಅಂದರೆ ಇನ್ನೂ ಹತ್ತಿರ ಹತ್ತಿರ 6 ಅಡಿ ಬಿಚ್ಚಬಹುದು. 17 ಆಯಿತು. ಕೆಳಗೆ 3 ಅಡಿ ಉಳಿದಿರಬೇಕು. ಒಟ್ಟು 20 ಅಡಿ ಬೇಕು, ನಿಮ್ಮಲ್ಲಿರುವುದು 15. ಹಗ್ಗ ಹಿಡಿದು ನಿಲ್ಲಿಸುವ ಮೊದಲೇ ನೆಲ ಸಿಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ವಿದ್ಯುತ್ತಿನ ಫ್ಯಾನ್ ಹತ್ತುವವರಿಗೆ ಕೆಳಗೆ ಬೇಕಾದಷ್ಟು ಜಾಗ ಇರುತ್ತದೆ, ನಿಮಗಿಲ್ಲ.

ಹುಕ್ ತಲೆಯ ಮೇಲಿದ್ದರೆ ಬೀಳುವ ದೂರ ತುಂಬಾ ಕಡಿಮೆ. ಆದರೆ ಮಾಡಿನ ಮೇಲೆ ನಿಂತವನ ತಲೆಯ ಮೇಲೆ ಏನಿದೆ, ಆಕಾಶ! ನನ್ನ ಕೇಳಿದರೆ ಹಳೇ ಸಿಮೆಂಟ್ ಶೀಟ್ ಮೇಲೆ ಹುಡುಗರನ್ನು ಹತ್ತಿಸಲೇಬೇಡಿ. ಒಳಗಿನಿಂದ ಅಟ್ಟಣಿಗೆ ಕಟ್ಟಿ ಬಿಚ್ಚಿಸಿ. ಹತ್ತಲೇಬೇಕಾದರೆ ಕೆಳಗೆ ನೆಟ್ ಕಟ್ಟಿಸಿ, ಪರ್ಲಿನ್‌ನಿಂದ ಪರ್ಲಿನ್‌ಗೆ ಅಗಲವಾದ ಹಲಗೆ ಹಾಸಿ. ತುಕ್ಕು ಹಿಡಿದ ಪರ್ಲಿನ್ ನಂಬಬೇಡಿ. ಅಬ್ಸಾರ್ಬರ್ ಇದ್ದರೂ ಜರ್ಕ್ 600 ಕೆ.ಜಿ. ತೂಕದಷ್ಟು ಬರಬಹುದು. ಹುಕ್ ಎಲ್ಲಿ ಹಾಕಬೇಕು ಅನ್ನುವುದನ್ನು ಇಂಜಿನಿಯರ್ ಒಬ್ಬರಿಗೆ ತೋರಿಸಿಯೇ ಗೊತ್ತುಮಾಡಿ.

ಭಟ್ಟಿಗಳಲ್ಲಿ ಇನ್ನೊಂದು ಕಾಟ. ಬೆಳಕಿಗೆಂದು ನಡುವೆ ಹಾಕಿದ ಪ್ಲಾಸ್ಟಿಕ್ ಶೀಟಿಗೆ ಮಸಿ ಕೂತು, ಮೇಲಿನಿಂದ ಸಿಮೆಂಟ್ ಶೀಟಿನ ಹಾಗೇ ಕಾಣುತ್ತದೆ. ಕಾಲಿಟ್ಟರೆ ನೇರ ಒಳಗೆ. ಮೊದಲು ಒಳಗೆ ನಿಂತು ಎಲ್ಲೆಲ್ಲಿವೆ ನೋಡಿ, ಎಣಿಸಿ. ಆಮೇಲೆ ಏಣಿಯ ಮೇಲಿಂದಲೇ ಅವುಗಳ ಸಾಲು ಗುರುತಿಸಿಕೊಳ್ಳಿ.

ಸೆಕೆ ಅಂತ ಹುಡುಗರು ತೊಡೆಯ ಪಟ್ಟಿ ಸಡಿಲ ಮಾಡುತ್ತಾರೆ, ಗೊತ್ತಲ್ಲ? ಪಟ್ಟಿಯೊಳಗೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ವೆಲ್ಡಿಂಗ್ ಕಿಡಿ ತಗುಲಿದ್ದು, ಹೊಲಿಗೆ ಬಿಟ್ಟಿದ್ದು, ಒಮ್ಮೆ ಬಿದ್ದವನನ್ನು ಹಿಡಿದಿದ್ದು ಇದ್ದರೆ ಕತ್ತರಿಸಿ ಬಿಸಾಡಿ. ಸುಮ್ನೆ ಮೂಲೆಗಿಟ್ಟರೆ ಯಾರಾದರೂ ಹಾಕಿಕೊಳ್ಳುತ್ತಾರೆ. ಏಣಿ ಪಕ್ಕದಲ್ಲೇ ಇರಲಿ. ಹಾರ್ನೆಸ್‌ನಲ್ಲಿ ಅಲ್ಲಾಡದೆ ನೇತಾಡಿದರೆ ರಕ್ತ ಕಾಲಲ್ಲೇ ನಿಂತು ಜೀವಕ್ಕೆ ಕುತ್ತು, ಬೇಗ ಇಳಿಸಬೇಕು.

ನೆಟ್ಟಿನ ಖರ್ಚಿಗೆ ಮಿಲ್ ಮಾಲೀಕರು ಗೊಣಗಿದರೆ 1948ರ ಕಾರ್ಖಾನೆ ಕಾಯ್ದೆಯ 32ನೇ ಸೆಕ್ಷನ್ ನೆನಪಿಸಿ. ಎತ್ತರದಲ್ಲಿ ಕೆಲಸ ಮಾಡುವವರು ಬೀಳದ ಹಾಗೆ ಏರ್ಪಾಡು ಮಾಡಬೇಕೆಂದು ಅದರಲ್ಲೇ ಇತ್ತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ರೇಟ್ ಮಾತಾಡುವಾಗಲೇ ನೆಟ್ಟಿನ ಖರ್ಚನ್ನೂ ಸೇರಿಸಿಬಿಡಿ.