ಎರೆ ಹೊಲದ ಮನೆಗೆ ಸೆಪ್ಟಿಕ್ ಟ್ಯಾಂಕ್: ಇಂಜಿನಿಯರಮ್ಮನ ಉತ್ತರ

ಓದುಗರ ಪ್ರಶ್ನೆ. ಉತ್ತರಿಸುವವರು: ಗಂಗಾವತಿಯಲ್ಲಿ ನೆಲೆಸಿರುವ, ಗ್ರಾಮೀಣ ಕಟ್ಟಡ ಕೆಲಸಗಳಿಂದ ನಿವೃತ್ತರಾದ ಇಂಜಿನಿಯರ್.

ಪ್ರಶ್ನೆ: ಸಿಂಧನೂರು ತಾಲ್ಲೂಕಿನಲ್ಲಿ, ಕಾಲುವೆ ಕೆಳಗಿನ ಎರೆ (ಕಪ್ಪು ಜೇಡಿ ಮಣ್ಣಿನ) ಹೊಲದಲ್ಲಿ ಚಿಕ್ಕ ಮನೆ ಕಟ್ಟಿಸುತ್ತಿದ್ದೇವೆ. ಮನೆಯಲ್ಲಿ ಐದು ಜನ. ‘ಹತ್ತು ಅಡಿ ಗುಂಡಿ ತೋಡಿ ಸಿಮೆಂಟ್ ರಿಂಗ್ ಇಳಿಸೋಣ, ತಳಕ್ಕೆ ಕಾಂಕ್ರೀಟ್ ಬೇಡ, ನೀರು ತಾನೇ ಇಂಗ್ತದ’ ಅಂತಾನೆ ಗೌಂಡಿ. ಪಕ್ಕದ ಹೊಲದವರು ಹೀಗೇ ಮಾಡಿದ್ದರು. ಕಾಲುವೆಗೆ ನೀರು ಬಿಟ್ಟ ಮೇಲೆ ಅವರ ಪಾಯಖಾನೆಯಲ್ಲಿ ನೀರು ಇಳಿಯುತ್ತಲೇ ಇಲ್ಲ. ಇನ್ನೂ ದೊಡ್ಡ ಗುಂಡಿ ತೋಡಿದರೆ ಸರಿಹೋದೀತೆ? ನಮ್ಮ ಬೋರು ಜಾಗದಿಂದ 40 ಅಡಿ ದೂರದಲ್ಲಿದೆ.
– ಒಬ್ಬ ರೈತ

ಉತ್ತರ: ಸರಿಹೋಗುವುದಿಲ್ಲ. ಹತ್ತು ಅಡಿಯ ಬದಲು ಹದಿನೈದು ಅಡಿ ತೋಡಿದರೆ ಕಾಲುವೆಯ ಬಸಿನೀರು ಇನ್ನೂ ಬೇಗ ಒಳಗೆ ಬರುತ್ತದೆ, ಅಷ್ಟೇ. ತಳವಿಲ್ಲದ ರಿಂಗ್ ಗುಂಡಿ ಸೆಪ್ಟಿಕ್ ಟ್ಯಾಂಕ್ ಅಲ್ಲ, ಇಂಗುಗುಂಡಿ. ಸುತ್ತಲಿನ ಮಣ್ಣು ನೀರು ಕುಡಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಭತ್ತದ ಗದ್ದೆಗೆ ನೀರು ನಿಲ್ಲಿಸಿದ ಮೇಲೆ ನಿಮ್ಮ ಎರೆ ಮಣ್ಣು ಕುಡಿಯುವುದಿರಲಿ, ತಾನೇ ಕಕ್ಕುತ್ತದೆ. ನಿಮ್ಮ ಗೌಂಡಿ ಸುಳ್ಳು ಹೇಳುತ್ತಿಲ್ಲ. ಅವನು ಆ ಕೆಲಸ ಕಲಿತದ್ದು ಯಾವುದೋ ಮಸಾರಿ, ಅಂದರೆ ಕೆಂಪು ಉಸುಕು ಮಣ್ಣಿನ ಊರಿನಲ್ಲಿ ಇರಬೇಕು. ಅಲ್ಲಿ ಅದು ನಡೆಯುತ್ತದೆ.

ಎಲ್ಲರೂ ನನ್ನನ್ನು ಕೇಳುವುದು ‘ಟ್ಯಾಂಕ್ ಎಷ್ಟು ದೊಡ್ಡದಿರಬೇಕು’ ಅಂತ. ಟ್ಯಾಂಕಿನ ಅಳತೆ ಐದು ನಿಮಿಷದ ಮಾತು. ಟ್ಯಾಂಕಿನಿಂದ ಹೊರಬೀಳುವ ನೀರು ಎಲ್ಲಿಗೆ ಹೋಗಬೇಕು ಎಂಬುದೇ ನಿಜವಾದ ಪ್ರಶ್ನೆ. ಒಂದು ಬಕೆಟ್ ಒಳಗೆ ಹೋದರೆ ಒಂದು ಬಕೆಟ್ ಹೊರಗೆ ಬರಲೇಬೇಕು. ಟ್ಯಾಂಕ್ ಮಾಡುವುದು ಇಷ್ಟೇ: ಗಟ್ಟಿ ಪದಾರ್ಥವನ್ನು ತಳಕ್ಕೆ ಇಳಿಸಿ, ಹಗುರಾದದ್ದನ್ನು ಹಾಲಿನ ಕೆನೆಯಂತೆ ಮೇಲೆ ನಿಲ್ಲಿಸಿ, ನಡುವಿನ ನೀರನ್ನು ಆಚೆ ಕಳಿಸುವುದು. ಆ ನೀರು ತಿಳಿಯಾಗಿ ಕಂಡರೂ ಶುದ್ಧವಲ್ಲ. ರೋಗ ತರುವ ಜೀವಿಗಳೆಲ್ಲ ಅದರಲ್ಲಿ ಬದುಕಿರುತ್ತವೆ.

ಅದಕ್ಕೇ ಮೊದಲು ಮಣ್ಣು ನೋಡಿ. ಇಂಗಿಸಲು ಯೋಚಿಸಿರುವ ಜಾಗದಲ್ಲಿ ಒಂದು ಅಡಿ ಅಗಲದ ಚಿಕ್ಕ ಕುಳಿ ತೆಗೆದು, ಬದಿಗಳನ್ನು ಕೆರೆದು ಒರಟು ಮಾಡಿ, ತಳಕ್ಕೆ ಎರಡಿಂಚು ಸಣ್ಣ ಖಡಿ (ಜಲ್ಲಿ ಕಲ್ಲು) ಹಾಕಿ. ಒಂದು ಅಡಿ ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಿ. ಮರುದಿನ ಖಡಿಯ ಮೇಲೆ ಆರಿಂಚು ನೀರು ನಿಲ್ಲಿಸಿ, ಒಂದಿಂಚು ಇಳಿಯಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ಹಿಡಿದು ನೋಡಿ. ಭಾರತೀಯ ಮಾನಕ ಐಎಸ್ 2470ರ ಎರಡನೇ ಭಾಗದ ಲೆಕ್ಕದಲ್ಲಿ 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿ ಆದೀತು. 30ರಿಂದ 60 ನಿಮಿಷವಾದರೆ ಗುಂಡಿ ಬೇಡ, ಉದ್ದನೆಯ ಕಂದಕ ತೋಡಿ ಅದರಲ್ಲಿ ನೀರು ಹರಡಬೇಕು. 60 ದಾಟಿದರೆ ಆ ಮಣ್ಣನ್ನು ನಂಬಬಾರದು. ಒಂದಿಂಚಿಗೆ 10 ನಿಮಿಷ ತೆಗೆದುಕೊಳ್ಳುವ ಮಸಾರಿ ನೆಲದ ಒಂದು ಚದರ ಮೀಟರ್ ದಿನಕ್ಕೆ ಸುಮಾರು 65 ಲೀಟರ್ ಕುಡಿಯುತ್ತದೆ. 60 ನಿಮಿಷದ ನೆಲಕ್ಕೆ 26 ಲೀಟರೇ ಹೆಚ್ಚು.

ನಮ್ಮ ಭಾಗದವರು ಎಡವುವುದು ಇಲ್ಲಿಯೇ. ಈ ಪರೀಕ್ಷೆಯನ್ನು ಏಪ್ರಿಲ್‌ನಲ್ಲಿ ಮಾಡಬೇಡಿ. ಬೇಸಿಗೆಯ ಎರೆ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಕೊಡಗಟ್ಟಲೆ ನೀರು ಸುರಿದರೂ ಗಟಗಟ ಇಳಿಯುತ್ತದೆ. ‘ಮೇಡಂ, ಐದು ನಿಮಿಷದಾಗ ಇಳೀತು, ಬರಕೊಳ್ರಿ’ ಎಂದು ಎಷ್ಟೋ ಜನ ಖುಷಿಯಿಂದ ಹೇಳಿದ್ದಾರೆ. ಅದು ಮಣ್ಣು ಕುಡಿದದ್ದಲ್ಲ, ಬಿರುಕು ನುಂಗಿದ್ದು. ಎರೆಯಲ್ಲಿರುವ ಜೇಡಿ ನೀರು ತಾಗಿದ ಕೂಡಲೇ ಉಬ್ಬುತ್ತದೆ, ಬಿರುಕು ಮುಚ್ಚುತ್ತದೆ, ಆಮೇಲೆ ಹನಿಯೂ ಇಳಿಯುವುದಿಲ್ಲ. ಮಳೆಗಾಲದಲ್ಲಿ, ಕಾಲುವೆಗೆ ನೀರು ಬಿಟ್ಟ ಮೇಲೆ ಪರೀಕ್ಷೆ ಮಾಡಿ. ಕುಳಿ ತೋಡುವಾಗಲೇ ತಳದಲ್ಲಿ ನೀರು ಕಂಡರೆ ಗಡಿಯಾರವೇ ಬೇಕಿಲ್ಲ, ಉತ್ತರ ಸಿಕ್ಕಂತೆ. ನಿಮ್ಮ ಪಕ್ಕದ ಹೊಲದವರ ಪಾಡು ಕೇಳಿದರೆ ನಿಮ್ಮದೂ ಹೀಗೇ ಎನಿಸುತ್ತದೆ.

ಹಾಗಾದರೆ ಏನು ಮಾಡುವುದು? ನೀರನ್ನು ನೆಲದ ಕೆಳಗೆ ತಳ್ಳುವ ಆಸೆ ಬಿಟ್ಟು ಮೇಲಕ್ಕೆ ಕಳಿಸಿ. ರಾಯಚೂರು ಸೀಮೆಯಲ್ಲಿ ನಮಗೆ ದಂಡಿಯಾಗಿ ಸಿಗುವುದು ಬಿಸಿಲು. ವರ್ಷದ ಮಳೆ 600 ಮಿ.ಮೀ. ಆಸುಪಾಸು, ಆರಿಹೋಗುವ ನೀರು ಅದಕ್ಕಿಂತ ಬಹಳ ಹೆಚ್ಚು. ಅದಕ್ಕೆ ನೆಲಮಟ್ಟದ ಮೇಲೆ ಗಿಡ ಹಚ್ಚುವ ಒಂದು ಮಡಿ ಕಟ್ಟಿ. ಮೊದಲು ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ಹೊಡೆಸಿ ಗಟ್ಟಿಮಾಡಿ. ಅದರ ಮೇಲೆ ಒಂದು ಅಡಿ ಖಡಿ, ಖಡಿಯ ನಡುವೆ ತೂತು ಕೊರೆದ ನಾಲ್ಕಿಂಚಿನ ಪೈಪು, ಮೇಲೆ ಉಸುಕು, ಕೊನೆಗೆ ಆರಿಂಚು ಮಣ್ಣು. ಮಳೆನೀರು ಬದಿಗೆ ಜಾರುವಂತೆ ಮೈ ಉಬ್ಬಿಸಿ. ಇದರ ಮೇಲೆ ಕಾಬಾಳೆ, ಬಾಳೆ ಹಚ್ಚಿ. ಎಲೆ ಅಗಲವಿದ್ದಷ್ಟೂ ನೀರು ಹೆಚ್ಚು ಹಾರುತ್ತದೆ. ಕೊತ್ತಂಬರಿ, ಮೆಂತ್ಯೆ, ಉಳ್ಳಾಗಡ್ಡಿಯಂಥ ಹಸಿಯಾಗಿ ತಿನ್ನುವ ಯಾವುದೂ ಅಲ್ಲಿ ಬೇಡ.

ಈ ಮಡಿ ಎಷ್ಟು ದೊಡ್ಡದಿರಬೇಕು? ನಾನು ಒಂದು ಚದರ ಮೀಟರಿಗೆ ದಿನಕ್ಕೆ 4 ಲೀಟರ್ ಎಂದು ಹಿಡಿಯುತ್ತೇನೆ. ಫ್ಲಶ್ ಟ್ಯಾಂಕ್ ಕೂಡಿಸಿಕೊಂಡು ತಲೆಗೆ 40 ಲೀಟರ್ ಬಳಸಿದರೆ ಐದು ಜನಕ್ಕೆ 200 ಲೀಟರ್, ಅಂದರೆ 50 ಚದರ ಮೀಟರ್ ಮಡಿ. 30-40ರ ಸೈಟಿನಲ್ಲಿ ಅರ್ಧ ಹೋಯಿತು. ಅದರ ಬದಲು ಕಡಿದಾದ ಇಳಿಜಾರಿನ ಗ್ರಾಮೀಣ ಪ್ಯಾನ್, 20 ಮಿ.ಮೀ. ನೀರಿನ ಸೀಲ್ ಇರುವ ಟ್ರ್ಯಾಪ್ (ವಾಸನೆ ತಡೆಯಲು ಸ್ವಲ್ಪ ನೀರು ನಿಲ್ಲುವ ಬಾಗಿದ ಪೈಪು) ಕೂಡಿಸಿದರೆ ಒಮ್ಮೆಗೆ ಒಂದೂವರೆ, ಎರಡು ಲೀಟರ್ ಸುರಿದರೆ ಸಾಕು. ಟ್ಯಾಂಕ್ ಮಾತ್ರ ಪಾಯಖಾನೆಗೆ ಹತ್ತಿರವಿರಬೇಕು. ತೊಳೆಯುವುದೂ ಸೇರಿ ತಲೆಗೆ 15 ಲೀಟರ್ ಹಿಡಿದರೂ ಒಟ್ಟು 75 ಲೀಟರ್. ಆಗ 10 ಅಡಿಗೆ 20 ಅಡಿ, ಅಂದರೆ ಸುಮಾರು 19 ಚದರ ಮೀಟರ್ ಮಡಿ ಸಾಕು. ಹೊಸ ಮನೆಗೆ ಫ್ಲಶ್ ಟ್ಯಾಂಕ್ ಇಲ್ಲದಿದ್ದರೆ ಬೀಗರೆದುರು ಮರ್ಯಾದೆ ಹೋಗುತ್ತದೆ ಎನ್ನುವವರು ಉಳಿದ 30 ಚದರ ಮೀಟರಿಗೆ ಗರಸು, ಖಡಿಯ ಬೆಲೆ ವಿಚಾರಿಸಿ ನೋಡಿ.

ಬಚ್ಚಲು ನೀರು, ಅಡುಗೆಮನೆ ನೀರು, ಮಾಳಿಗೆಯ ಮಳೆನೀರು ಈ ಟ್ಯಾಂಕಿಗೆ ಬೇಡವೇ ಬೇಡ. ಬಚ್ಚಲು ನೀರನ್ನು ಬೇರೆ ಪೈಪಿನಲ್ಲಿ ತೆಂಗಿಗೋ ಕರಿಬೇವಿಗೋ ಬಿಡಿ.

ಈಗ ಟ್ಯಾಂಕಿನ ಅಳತೆ. ಐದು ಜನಕ್ಕೆ ಮಾನಕದ ಪ್ರಕಾರ ಒಳ ಅಳತೆ 1.5 ಮೀಟರ್ ಉದ್ದ, 75 ಸೆಂ.ಮೀ. ಅಗಲ, ನೀರಿನ ಆಳ ಒಂದು ಮೀಟರ್. ಆದರೆ ಹೊಲದ ಮನೆಯಲ್ಲಿ ಐದೇ ಜನ ಇರುವುದು ಕಾಗದದ ಮೇಲೆ. ನಾಟಿಗೆ ಬಂದ ಆಳುಗಳು, ಜಾತ್ರೆಗೆ ಬಂದ ಬೀಗರು ಲೆಕ್ಕಕ್ಕಿಲ್ಲವೇ? ಹತ್ತು ಜನದ ಅಳತೆಗೇ ಕಟ್ಟಿಸಿ: 2 ಮೀಟರ್ ಉದ್ದ, 90 ಸೆಂ.ಮೀ. ಅಗಲ, ನೀರಿನ ಆಳ ಒಂದು ಮೀಟರ್, ಮೇಲೆ ಒಂದು ಅಡಿ ಖಾಲಿ ಜಾಗ. 1800 ಲೀಟರ್ ಹಿಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಕೆಸರು ತೆಗೆಸುವ ಲೆಕ್ಕಕ್ಕೆ ಈ ಆಳ. ಬಸಿನೀರಿನ ನೆಲದಲ್ಲಿ ಇದಕ್ಕಿಂತ ಆಳ ಬೇಡ. 2000 ಲೀಟರ್ ದಾಟಿದರೆ ಮಾತ್ರ ಎರಡು ಕೋಣೆ ಬೇಕು ಎನ್ನುತ್ತದೆ ನಿಯಮ. ನಾನಾದರೆ ಇದಕ್ಕೂ ಮೂರರಲ್ಲಿ ಎರಡು ಪಾಲಿನ ಹತ್ತಿರ ಒಂದು ಅಡ್ಡಗೋಡೆ ಎಬ್ಬಿಸುತ್ತೇನೆ. ಒಂದಿಷ್ಟು ಇಟ್ಟಿಗೆಯ ಖರ್ಚು, ಆದರೆ ಕೆಸರು ಮಡಿಯವರೆಗೆ ಹೋಗದು. ಹೊರಹೋಗುವ ಪೈಪು ಒಳಬರುವ ಪೈಪಿಗಿಂತ ಎರಡಿಂಚು ಕೆಳಗಿರಲಿ. ಎರಡಕ್ಕೂ ಟಿ ಬೆಂಡ್ ಹಾಕಿ, ಅದರ ಕೆಳಗಿನ ಕಾಲು ಒಂದು ಅಡಿ ನೀರೊಳಗೆ ಮುಳುಗಿರಲಿ. ಗೌಂಡಿಗಳು ಮೊದಲು ಮರೆಯುವುದು ಈ ಟಿಯನ್ನೇ. ಸ್ಲ್ಯಾಬ್ ಮುಚ್ಚುವ ಮೊದಲು ನೀವೇ ಇಣುಕಿ ನೋಡಿ. ‘ಸೆರಗು ಸಿಗಿಸಿಕೊಂಡು ಗುಂಡಿ ಇಣುಕೋ ಇಂಜಿನಿಯರಮ್ಮ ಬಂದ್ಳು’ ಅಂತ ನನ್ನನ್ನು ನೋಡಿ ನಗುತ್ತಿದ್ದರು. ಇಣುಕದೇ ಬಿಟ್ಟಲ್ಲಿ ಟಿ ಇರುತ್ತಿರಲಿಲ್ಲ.

ಎರೆ ನೆಲಕ್ಕೆಂದೇ ಇನ್ನೆರಡು ಮಾತು. ಟ್ಯಾಂಕಿಗೆ ಬೇಕಾದ್ದಕ್ಕಿಂತ ಎಲ್ಲ ಬದಿಗೂ ಒಂದು ಅಡಿ ಅಗಲ ತೋಡಿ, ಆ ಸಂದಿಗೆ ಎರೆ ಮಣ್ಣನ್ನೇ ಮತ್ತೆ ತುಂಬದೆ ಗರಸು ತುಂಬಿ. ಇಲ್ಲವಾದರೆ ಉಬ್ಬಿದ ಮಣ್ಣು ಗೋಡೆಯನ್ನು ಒಳಗೆ ನೂಕುತ್ತದೆ. ತಳ ಕಬ್ಬಿಣ ಕಟ್ಟಿದ ಕಾಂಕ್ರೀಟಿನದ್ದೇ ಆಗಿರಲಿ. ಟ್ಯಾಂಕ್ ಮುಗಿದ ಮೇಲೆ ನೀರು ತುಂಬಿ ಒಂದು ದಿನ ನೋಡಿ. ಇಳಿದರೆ ಸೋರುತ್ತಿದೆ ಎಂದರ್ಥ. ಆಮೇಲೂ ನೀರು ಖಾಲಿ ಮಾಡಬೇಡಿ. ಖಾಲಿ ಟ್ಯಾಂಕನ್ನು, ಅದರಲ್ಲೂ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಟ್ಯಾಂಕನ್ನು, ಬಸಿನೀರು ನೆಲದಿಂದ ಎಬ್ಬಿಸಿಬಿಡುತ್ತದೆ.

ಮಡಿ ನೆಲದ ಮೇಲಿರುವುದರಿಂದ ಪಾಯಖಾನೆಯೂ ಎತ್ತರವಿರಬೇಕು. ಮನೆ ಬುನಾದಿ ಹಾಕುವಾಗಲೇ ಈ ಮಟ್ಟ ಲೆಕ್ಕ ಮಾಡಿ. ಪಾಯಖಾನೆಯ ನೆಲವನ್ನು ಮೂರು ಅಡಿ ಎತ್ತರಿಸಿದರೆ ನೀರು ತಾನಾಗಿ ಹರಿಯುತ್ತದೆ, ಮೋಟಾರಿನ ಹಂಗಿಲ್ಲ. ಪೈಪಿಗೆ ಮೂರು ಅಡಿಗೆ ಒಂದಿಂಚು ಇಳಿಜಾರು ಸಾಕು.

ಬೋರಿನ ವಿಷಯ: 40 ಅಡಿ ಸಾಲದು. ಇಂಗುವ ಜಾಗಕ್ಕೂ ಕುಡಿಯುವ ನೀರಿಗೂ ನಡುವೆ ಕನಿಷ್ಠ 18 ಮೀಟರ್, ಅಂದರೆ 60 ಅಡಿ ಇರಬೇಕು. ಮಡಿಯನ್ನು ಬೋರಿಗಿಂತ ತಗ್ಗಿನ ಬದಿಗೆ ಒಯ್ಯಿರಿ. ಹಾಗೆಯೇ ಟ್ಯಾಂಕಿನ ಪೈಪನ್ನು ಸದ್ದಿಲ್ಲದೆ ಹೊಲಗಾಲುವೆಗೆ ತಿರುಗಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಸಿಂಧನೂರು, ಮಾನ್ವಿ ಕಡೆ ಎಷ್ಟೋ ಊರುಗಳ ಕುಡಿಯುವ ನೀರಿನ ಕೆರೆ ತುಂಬುವುದು ತುಂಗಭದ್ರಾ ಎಡದಂಡೆ ಕಾಲುವೆಯಿಂದಲೇ.

ಪ್ರಶ್ನೆ: ನಮ್ಮದು ಕುಷ್ಟಗಿ ತಾಲ್ಲೂಕು. ಮೂರು ಅಡಿಗೇ ಬಂಡೆ ಹತ್ತಿದೆ. ಬ್ಲಾಸ್ಟಿಂಗ್ ಮಾಡಿಸಿ ಆಳ ಮಾಡಬಹುದೆ?

ಉತ್ತರ: ಬೇಡ. ಗ್ರಾನೈಟ್ ಬಂಡೆ ನೀರು ಕುಡಿಯುವುದಿಲ್ಲ, ಅದರ ಸೀಳುಗಳು ಒಯ್ಯುತ್ತವೆ. ನಿಮ್ಮ ಭಾಗದ ಬೋರುಗಳಿಗೆ ನೀರು ಬರುವುದೂ ಇಂಥ ಸೀಳುಗಳಿಂದಲೇ. ಸಿಡಿಮದ್ದಿಟ್ಟು ಹೊಸ ಸೀಳು ಮಾಡಿದರೆ ಕೊಳಕು ನೀರು ಮಣ್ಣಿನಲ್ಲಿ ಸೋಸದೆ ನೇರ ಬೋರಿಗೆ ಇಳಿದೀತು. ಟ್ಯಾಂಕಿನ ನೀರಿನ ಆಳ ಒಂದು ಮೀಟರಿಗಿಂತ ಕಡಿಮೆ ಆಗಬಾರದು. ಹಾಗಾಗಿ ಮೂರು ಅಡಿ ನೆಲದೊಳಗೆ, ಉಳಿದದ್ದು ನೆಲದ ಮೇಲೆ ಬರಲಿ, ಪಾಯಖಾನೆಯನ್ನು ಅಷ್ಟೇ ಎತ್ತರಿಸಿ. ಹೊರಬರುವ ನೀರಿಗೆ ಮೇಲಿನ ಮಡಿಯೇ ನಿಮಗೂ ಸರಿ. ಗರಸು ನಿಮ್ಮಲ್ಲಿ ಹತ್ತಿರವೇ ಸಿಗುತ್ತದೆ, ಸಿಂಧನೂರಿನವರಿಗಿಂತ ಕಡಿಮೆ ಖರ್ಚಿನಲ್ಲಿ ಆಗುತ್ತದೆ.

ಪ್ರಶ್ನೆ: ಹೊಸ ಟ್ಯಾಂಕಿಗೆ ಬೆಲ್ಲ, ಸೆಗಣಿ ಹಾಕಬೇಕೆ? ಅಂಗಡಿಯಲ್ಲಿ ಬ್ಯಾಕ್ಟೀರಿಯಾ ಪುಡಿ ಮಾರುತ್ತಾರೆ, ಅದನ್ನು ಹಾಕಿದರೆ ಎಂದೂ ತುಂಬುವುದಿಲ್ಲವಂತೆ.
– ಸಿರುಗುಪ್ಪ

ಉತ್ತರ: ಹಳೆಯ ಟ್ಯಾಂಕಿನ ಒಂದು ಬಕೆಟ್ ಕೆಸರೋ ಸೆಗಣಿ ನೀರೋ ಹಾಕಿದರೆ ಶುರುವಾತಿಗೆ ಒಳ್ಳೆಯದು. ಹಾಕದಿದ್ದರೂ ನಡೆಯುತ್ತದೆ, ಬೇಕಾದ ಜೀವಿಗಳು ನಮ್ಮ ಹೊಟ್ಟೆಯಿಂದಲೇ ಬರುತ್ತವೆ. ಬೆಲ್ಲ ಹೋಳಿಗೆಗೆ ಇಟ್ಟುಕೊಳ್ಳಿ. ಎಂದೂ ತುಂಬದ ಟ್ಯಾಂಕ್ ಇಲ್ಲ. ಆ ಪುಡಿಯ ದುಡ್ಡು ಕೂಡಿಟ್ಟರೆ ಕೆಸರು ತೆಗೆಸುವ ಗಾಡಿಯ ಬಾಡಿಗೆಗೆ ಆಗುತ್ತದೆ. ಪ್ಯಾನ್ ಬೆಳ್ಳಗಾಗಲೆಂದು ದಿನಾ ಆ್ಯಸಿಡ್ ಸುರಿಯುವುದನ್ನು ಮಾತ್ರ ನಿಲ್ಲಿಸಿ.

ಪ್ರಶ್ನೆ: ಬಳ್ಳಾರಿ ತಾಲ್ಲೂಕಿನ ಹಳ್ಳಿಯ ನಮ್ಮ ಟ್ಯಾಂಕ್ ತುಂಬಿದೆ. ಓಣಿ ಇಕ್ಕಟ್ಟು, ಗಾಡಿ ಬರುವುದಿಲ್ಲ. ಊರಿನ ಇಬ್ಬರು ಇಳಿದು ತೆಗೆಯುತ್ತೇವೆ ಎನ್ನುತ್ತಾರೆ. ಮುಚ್ಚಳ ತೆಗೆದು ಒಂದು ದಿನ ಬಿಟ್ಟರೆ ಸಾಕಲ್ಲವೆ?

ಉತ್ತರ: ಸಾಲದು. ಒಬ್ಬರನ್ನೂ ಇಳಿಸಬೇಡಿ. ಕೆಸರಿನೊಳಗೆ ಹೈಡ್ರೋಜನ್ ಸಲ್ಫೈಡ್ ಅವಿತಿರುತ್ತದೆ, ಕಾಲಿಟ್ಟು ಕಲಕಿದಾಗ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೊತ್ತಾಗುತ್ತದಲ್ಲ ಎಂದು ನಂಬಬೇಡಿ. ಅನಿಲ ಹೆಚ್ಚಾದಾಗ ಮೂಗೇ ಕೆಲಸ ನಿಲ್ಲಿಸುತ್ತದೆ. ಬಿದ್ದವನನ್ನು ಎತ್ತಲು ಇಳಿದ ಎರಡನೆಯವನೂ ಅಲ್ಲೇ ಉಳಿಯುತ್ತಾನೆ. ಮೀಥೇನ್ ಕೂಡ ಇರುವುದರಿಂದ ಬೀಡಿ, ಕಡ್ಡಿಪೆಟ್ಟಿಗೆ ಹತ್ತಿರ ತರಬೇಡಿ.

ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಒಬ್ಬರನ್ನು ಟ್ಯಾಂಕಿಗೆ ಇಳಿಸುವುದೇ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇಂಥ ಸಾವುಗಳಿಗೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಇಳಿಯುತ್ತೇವೆ ಎನ್ನುವ ಆ ಇಬ್ಬರು ಯಾವ ಕೇರಿಯವರು, ಯಾಕೆ ಒಪ್ಪಿದರು ಎಂದು ನಾನು ಕೇಳಬೇಕಿಲ್ಲ, ನಿಮಗೇ ಗೊತ್ತಿದೆ.

ಓಣಿಯ ಬಾಯಿಯಲ್ಲಿ ಗಾಡಿ ನಿಲ್ಲಿಸಿ ಪೈಪು ಕೂಡಿಸಿ ಎಳೆಯಬಹುದು. ಮೊದಲೇ ಫೋನಿನಲ್ಲಿ ದೂರ ಹೇಳಿ, ಅಷ್ಟು ಪೈಪು ತರುತ್ತಾರೆ. ಊರಲ್ಲಿ ಗಾಡಿ ಗೊತ್ತಿಲ್ಲದಿದ್ದರೆ 14420 ಸಹಾಯವಾಣಿಗೆ ಕರೆ ಮಾಡಿ. ಎಳೆದದ್ದನ್ನು ಹಳ್ಳಕ್ಕೆ ಸುರಿಯದಂತೆ ಚಾಲಕನಿಗೆ ಮೊದಲೇ ತಾಕೀತು ಮಾಡಿ. ಹೊಸದಾಗಿ ಕಟ್ಟಿಸುವವರು ಟ್ಯಾಂಕನ್ನು ಹಿತ್ತಲಿನ ಮೂಲೆಗೆ ಸೇರಿಸದೆ ಗಾಡಿ ಬರುವ ಬದಿಗೇ ಇಡಿ. ಸ್ಲ್ಯಾಬಿನಲ್ಲಿ ಎರಡು ಮುಚ್ಚಳ ಬಿಡಿ. ಅವುಗಳ ಮೇಲೆ ಫರಸಿ ಹಾಸಿ ಕಟ್ಟೆ ಕಟ್ಟಿ ಮುಚ್ಚಿಬಿಡಬೇಡಿ.

ಪ್ರಶ್ನೆ: ಟ್ಯಾಂಕಿನ ಗಾಳಿಕೊಳವೆಯಿಂದ ಸಂಜೆ ಹೊತ್ತು ಸೊಳ್ಳೆ ಹಿಂಡುಗಟ್ಟಿ ಬರುತ್ತವೆ. ಕೊಳವೆಯ ಬಾಯಿ ಮುಚ್ಚಿಬಿಡಲೆ?
– ದೇವದುರ್ಗದ ಗೃಹಿಣಿ

ಉತ್ತರ: ಮುಚ್ಚಿದರೆ ಆ ಗಾಳಿ ಪಾಯಖಾನೆಯೊಳಗೆ ಬರುತ್ತದೆ. ಎರಡಿಂಚಿನ ಕೊಳವೆಯಾದರೂ ಸಾಕು, ಆದರೆ ಮಾಳಿಗೆಗಿಂತ ಎರಡು ಮೀಟರ್ ಮೇಲಕ್ಕೆ ಏರಿಸಿ, ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿಯಿರಿ. ಹಳೆ ಸೊಳ್ಳೆಪರದೆಯ ತುಂಡು ಕಟ್ಟಿದರೆ ನಮ್ಮ ಬಿಸಿಲಿಗೆ ಒಂದು ಬೇಸಿಗೆಯಲ್ಲಿ ಪುಡಿಯಾಗುತ್ತದೆ. ಸ್ಟೀಲ್ ಜಾಲರಿ ತಂದು ತಂತಿಯಿಂದ ಸುತ್ತಿ. ಮುಚ್ಚಳದ ಸಂದಿಗಳನ್ನೂ ನೋಡಿ, ಅರ್ಧ ಸೊಳ್ಳೆ ಅಲ್ಲಿಂದಲೇ ಬರುತ್ತಿರಬಹುದು.