ಆ ಹುಡುಗಿಯ ಪ್ರಶ್ನೆಯಿಂದ ಲೇಖನ ಶುರುವಾಗಲಿ

ಪ್ರಿಯರೇ, ನಮಸ್ಕಾರ.

ಮುಧೋಳದಿಂದ ನೀವು ಕಳುಹಿಸಿದ ‘ಪರಿಮಿತ ಸ್ವಯಂಚಾಲಕಗಳು ಮತ್ತು ಔಪಚಾರಿಕ ಭಾಷೆಗಳು’ ಎಂಬ ಹದಿನಾಲ್ಕು ಪುಟಗಳ ಲೇಖನ ಕೈಸೇರಿ ಮೂರು ವಾರವಾಯಿತು. ಅಕ್ಷರಗಳನ್ನು ಒಂದೊಂದಾಗಿ ಓದಿ, ಸಾಲು ನಿಯಮಕ್ಕೆ ಸರಿಯೋ ತಪ್ಪೋ ಎಂದು ಹೇಳುವ ಕಾಲ್ಪನಿಕ ಯಂತ್ರಗಳ (ಆಟೊಮೇಟಾ) ವಿಷಯ ಅದು. ಉತ್ತರ ತಡವಾದದ್ದಕ್ಕೆ ಕಾರಣವಿದೆ. ನಾನು ಕನ್ನಡ ಎಂ.ಎ. ಓದಿದವನು, ಮೊದಲ ಓದಿನಲ್ಲಿ ಲೇಖನ ತಲೆಗೆ ಹತ್ತಲಿಲ್ಲ. ಕೊರತೆ ನನ್ನದೋ ಬರವಣಿಗೆಯದೋ ತಿಳಿಯದೆ ಹಿಂದಿರುಗಿಸಲು ಮನಸ್ಸಾಗಲಿಲ್ಲ. ಇಲ್ಲಿ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಪಕ್ಕದ ಮನೆಯ ಹುಡುಗನಿಂದ ಪಠ್ಯಪುಸ್ತಕ ತಂದು ಓದಿದೆ, ಆಮೇಲೆ ನಿಮ್ಮದನ್ನು ಮತ್ತೆರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ಈ ಲೇಖನ ನನಗೆ ಬೇಕು.

ಯಾಕೆ ಬೇಕೆಂದರೆ, ನಿಮ್ಮ ಹನ್ನೊಂದನೆಯ ಪುಟದಲ್ಲಿ ನಾಲ್ಕು ಸಾಲಿನ ಒಂದು ಪ್ರಸಂಗವಿದೆ. ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತಗಳನ್ನು ಬರೆದು, ಒಬ್ಬ ವಿದ್ಯಾರ್ಥಿನಿಯನ್ನು ನಿಲ್ಲಿಸಿ, ನೀವು ಒಂದೊಂದೇ ಅಕ್ಷರ ಕೂಗಿದಂತೆ ಅವಳು ಒಂದು ವೃತ್ತದಿಂದ ಇನ್ನೊಂದಕ್ಕೆ ನಡೆಯುತ್ತಾಳೆ. ನಡುವೆ ನಿಂತು ಕೇಳುತ್ತಾಳೆ: “ಸರ್, ನಾನು ಯಾವ ದಾರಿಯಿಂದ ಬಂದೆ ಎಂಬುದನ್ನು ಮರೆತರೂ ನಡೆಯುತ್ತದೆಯೇ?” ಇಡೀ ಶಾಸ್ತ್ರದ ಜೀವ ಈ ಪ್ರಶ್ನೆಯಲ್ಲಿದೆ. ನೀವು ಉತ್ತರ ಕೊಡದೆ ಮುಂದಿನ ಪ್ರಮೇಯಕ್ಕೆ ಹಾರಿದ್ದೀರಿ. ಅಲ್ಲಿ ನನಗೆ ನಿಜಕ್ಕೂ ಬೇಸರವಾಯಿತು.

ನಿಮ್ಮ ಆರಂಭ ನೋಡಿ. ಐದು ಘಟಕಗಳ ವ್ಯಾಖ್ಯೆ, ಗ್ರೀಕ್ ಅಕ್ಷರಗಳು, ಗಣಿತದ ಗಣಗಳ (ಸೆಟ್‌ಗಳ) ಮೇಲೆ ಗಣಗಳು. ಪರೀಕ್ಷೆಗೆ ಓದುವವನು ಬೇರೆ ದಾರಿಯಿಲ್ಲದೆ ಇದನ್ನು ಸಹಿಸುತ್ತಾನೆ. ನಮ್ಮ ಓದುಗ ಪುಟ ತಿರುವುತ್ತಾನೆ. ಪದಗಳ ವಿಷಯವೂ ಹಾಗೆಯೇ. ಇಂಥ ಯಂತ್ರಕ್ಕೆ ಯಾವುದು ಅಸಾಧ್ಯ ಎಂದು ತೋರಿಸಲು ಬಳಸುವ ‘ಪಂಪಿಂಗ್ ಲೆಮ್ಮಾ’ವನ್ನು ‘ಉದಂಚನ ಪ್ರಮೇಯಿಕೆ’ ಮಾಡಿದ್ದೀರಿ. ನಿಮ್ಮ ತರಗತಿಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ, ನೀವೂ ಹೇಳುವುದಿಲ್ಲ. ಪಂಪಿಂಗ್ ಲೆಮ್ಮಾ ಎಂದೇ ಇರಲಿ. ಆಟೊಮೇಟಾ ಆಟೊಮೇಟಾ ಆಗಿಯೇ ಇರಲಿ. ‘ಸ್ಥಿತಿ’ ಒಳ್ಳೆಯ ಪದ, ಉಳಿಸಿಕೊಳ್ಳಿ.

ನೀವು ಇರುವುದು ರನ್ನನ ಊರಿನಲ್ಲಿ. ನಮ್ಮ ಓದುಗರೆಲ್ಲ ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದವರು: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮಂದಾನಿಲ ರಗಳೆಯ ಸರಳ ರೂಪವನ್ನು ತೆಗೆದುಕೊಳ್ಳಿ. ನಾಲ್ಕು ಮಾತ್ರೆಯ ಗಣಗಳು ಒಂದರ ಹಿಂದೊಂದು ಬರುತ್ತವೆ. ನೆಲದ ಮೇಲೆ ಸೊನ್ನೆ, ಒಂದು, ಎರಡು, ಮೂರು ಎಂದು ನಾಲ್ಕು ವೃತ್ತ ಬರೆಯಿರಿ. ಹುಡುಗಿ ಸೊನ್ನೆಯಲ್ಲಿ ನಿಲ್ಲಲಿ. ಲಘು ಕೇಳಿದರೆ ಒಂದು ಹೆಜ್ಜೆ, ಗುರು ಕೇಳಿದರೆ ಎರಡು. ನಾಲ್ಕು ತುಂಬಿದರೆ ಮತ್ತೆ ಸೊನ್ನೆಗೆ. ಮೂರರಲ್ಲಿರುವಾಗ ಗುರು ಬಂದರೆ ಗಣ ಕೆಟ್ಟಿತು. ಅದಕ್ಕೆ ಐದನೆಯ ವೃತ್ತವೊಂದಿರಲಿ, ಅದು ಹೊಂಡ, ಬಿದ್ದವರು ಏಳುವಂತಿಲ್ಲ. ಪದ್ಯ ಮುಗಿದಾಗ ಅವಳು ಸೊನ್ನೆಯಲ್ಲಿದ್ದರೆ ಗಣಗಳು ಸರಿ. ಪ್ರತಿ ಸಾಲಿಗೆ ನಾಲ್ಕೇ ಗಣ ಎಂಬ ಲೆಕ್ಕವನ್ನೂ ಹಿಡಿಯಬೇಕಾದರೆ ಹೊಂಡವೊಂದನ್ನು ಬಿಟ್ಟು ಹದಿನಾರು ವೃತ್ತ ಸಾಕು.

ಈಗ ಅವಳ ಪ್ರಶ್ನೆಗೆ ಉತ್ತರ ಸಿಗುತ್ತದೆ. ಹೌದು, ಮರೆತರೂ ನಡೆಯುತ್ತದೆ. ರಗಳೆಗೆ ಇಷ್ಟೇ ಸಾಲು ಎಂಬ ಮಿತಿಯಿಲ್ಲ. ಹತ್ತು ಸಾಲಾಗಲಿ ಹತ್ತು ಸಾವಿರ ಸಾಲಾಗಲಿ, ಈ ಕ್ಷಣ ಯಾವ ವೃತ್ತದಲ್ಲಿದ್ದೇನೆ ಎಂಬುದಷ್ಟೇ ಅವಳಿಗೆ ಬೇಕಾದ ನೆನಪು. ‘ಸ್ಥಿತಿ’ ಎಂದರೆ ಇದೇ.

ನಂತರ ಛಂದಸ್ಸಿನಲ್ಲಿ ಇಲ್ಲದ ಒಂದು ನಿಯಮವನ್ನು ನೀವೇ ಹುಟ್ಟಿಸಿ: ಮೊದಲು ಎಷ್ಟು ಲಘುವೋ ಆಮೇಲೆ ಅಷ್ಟೇ ಗುರು ಬರಬೇಕು. ವೃತ್ತಗಳು ಐದೇ. ಐದು ಲಘು ಕೇಳುವಷ್ಟರಲ್ಲಿ, ಆರಂಭದ ಜಾಗವೂ ಸೇರಿ, ಅವಳು ಆರು ಸಲ ನಿಂತಿರುತ್ತಾಳೆ. ಹಾಗಾದರೆ ಯಾವುದೋ ಒಂದು ವೃತ್ತದಲ್ಲಿ ಎರಡು ಸಲ ನಿಂತಿರಲೇಬೇಕು. ಆ ಎರಡು ಎಣಿಕೆಗಳ ನಡುವಿನ ವ್ಯತ್ಯಾಸ ಅವಳಿಗೆ ಅಲ್ಲಿಗೆ ಅಳಿಸಿಹೋಯಿತು. ಸರಿಯಾದ ಸಾಲಿಗೆ ‘ಸರಿ’ ಎಂದವಳು ತಪ್ಪಿದ ಸಾಲಿಗೂ ‘ಸರಿ’ ಎನ್ನುತ್ತಾಳೆ. ವೃತ್ತಗಳನ್ನು ಐನೂರಕ್ಕೆ ಏರಿಸಿ, ಐನೂರು ಲಘುಗಳ ಹೊತ್ತಿಗೆ ಅದೇ ಗತಿ. ಪಂಪಿಂಗ್ ಲೆಮ್ಮಾದ ತಿರುಳು ಇಷ್ಟೇ. ನೀವು ಇದಕ್ಕೆ ಎರಡೂವರೆ ಪುಟ ಕೊಟ್ಟಿದ್ದೀರಿ, ನನಗೆ ಮೂರನೆಯ ಓದಿನವರೆಗೂ ಅರ್ಥವಾಗಲಿಲ್ಲ.

ಈ ಎಣಿಕೆ ಉಳಿಯಬೇಕಾದರೆ ಅವಳ ಕೈಗೆ ಒಂದು ಕೊಳವೆ, ಬೇಕಾದಷ್ಟು ಹುಣಸೆಬೀಜ ಕೊಡಿ. ಲಘುವಿಗೊಂದು ಬೀಜ ಒಳಗೆ, ಗುರುವಿಗೊಂದು ಹೊರಗೆ. ಕೆಲಸ ಆಯಿತು. ನೆಲದ ಮೇಲೆ ಬರೆದು ಅಳಿಸಲೂ ಬಿಟ್ಟರೆ 1936ರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಕಲ್ಪಿಸಿದ ಯಂತ್ರದ ಹತ್ತಿರಕ್ಕೆ ಬಂದಿರಿ. ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ 1956ರಲ್ಲಿ ವ್ಯಾಕರಣಗಳನ್ನು ಅವುಗಳ ಸಾಮರ್ಥ್ಯಕ್ಕೆ ತಕ್ಕ ಅಂತಸ್ತುಗಳಾಗಿ ಜೋಡಿಸಿದ್ದನ್ನು ನೀವು ಕೋಷ್ಟಕದಲ್ಲಿ ಕೊಟ್ಟಿದ್ದೀರಿ. ಬೀಜದ ಮಾತಾದ ಮೇಲೆ ಆ ಕೋಷ್ಟಕ ಬಂದರೆ ಅದಕ್ಕೆ ಬೆಲೆ ಬರುತ್ತದೆ.

ಎರಡು ತಪ್ಪುಗಳನ್ನು ಮಾತ್ರ ಬಿಡುವಂತಿಲ್ಲ. ಊಹೆ ಮಾಡುತ್ತಾ ಹಲವು ದಾರಿ ಹಿಡಿಯಬಲ್ಲ ಯಂತ್ರ ಒಂದೇ ದಾರಿಯ ಯಂತ್ರಕ್ಕಿಂತ ಹೆಚ್ಚು ಭಾಷೆಗಳನ್ನು (ಅಂದರೆ ಒಂದೊಂದು ನಿಯಮಕ್ಕೆ ಒಪ್ಪುವ ಸಾಲುಗಳ ಗುಂಪುಗಳನ್ನು) ಗುರುತಿಸುತ್ತದೆ ಎಂದು ಆರನೆಯ ಪುಟದಲ್ಲಿ ಬರೆದಿದ್ದೀರಿ. ಬೀಜದ ಕೊಳವೆ ಇರುವ ಯಂತ್ರದ ಮಟ್ಟಿಗೆ ಅದು ನಿಜ, ಬರೀ ವೃತ್ತಗಳ ಯಂತ್ರದಲ್ಲಿ ನಿಜವಲ್ಲ. ಇದಕ್ಕೂ ಪ್ರಸ್ತಾರವೇ ಸಾಕ್ಷಿ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ. ಅಂದರೆ ಮುಂದಿನ ಅಕ್ಷರ ಕೇಳುವವರೆಗೆ ಈ ಹ್ರಸ್ವಾಕ್ಷರದ ತೂಕ ಗೊತ್ತಿಲ್ಲ. ಲಘುವೆಂದು ನಂಬಿ ಒಬ್ಬಳು ನಡೆಯಲಿ, ಗುರುವೆಂದು ನಂಬಿ ಇನ್ನೊಬ್ಬಳು; ಮುಂದಿನ ಅಕ್ಷರ ಬಂದಾಗ ಒಬ್ಬಳು ಹೊರಗೆ. ಇಬ್ಬರೂ ನಿಂತಿರಬಹುದಾದ ಜಾಗಗಳ ಗುಂಪನ್ನೇ ಒಂದು ವೃತ್ತವೆಂದು ಹೊಸದಾಗಿ ಬರೆದರೆ ಒಬ್ಬಳೇ ಸಾಕು ಎಂದು ಕಂಪ್ಯೂಟರ್ ವಿಜ್ಞಾನಿಗಳಾದ ಮೈಕೆಲ್ ರಾಬಿನ್ ಮತ್ತು ಡಾನಾ ಸ್ಕಾಟ್ 1959ರ ಪ್ರಬಂಧವೊಂದರಲ್ಲಿ ತೋರಿಸಿದರು. ಬೆಲೆ ವೃತ್ತಗಳಲ್ಲಿ ತೆರಬೇಕು: ಹತ್ತು ಇದ್ದದ್ದು 1,024ರವರೆಗೂ ಬೆಳೆಯಬಹುದು. ಆ ಪ್ರಬಂಧಕ್ಕಾಗಿ ಅವರಿಗೆ 1976ರಲ್ಲಿ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು.

ಇನ್ನೊಂದು, ‘ಕಂಪ್ಯೂಟರ್ ಭಾಷೆಯನ್ನು ಪಾಣಿನಿಯೇ ಕಂಡುಹಿಡಿದ’ ಎಂಬ ಮಾತು. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಭಾಷೆಯನ್ನು ನಿಯಮಕ್ಕೆ ತಂದ ಅಷ್ಟಾಧ್ಯಾಯಿಗೆ ಈ ಉತ್ಪ್ರೇಕ್ಷೆ ಬೇಕಾಗಿಲ್ಲ. ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಬರೆಯುವ ಬ್ಯಾಕಸ್ ಪದ್ಧತಿಯನ್ನು ‘ಪಾಣಿನಿ–ಬ್ಯಾಕಸ್ ರೂಪ’ ಎಂದು ಕರೆಯೋಣ ಎಂದು 1967ರಲ್ಲಿ ಪೀಟರ್ ಇಂಗರ್‌ಮನ್ ಸೂಚಿಸಿದ್ದರು. ಅದನ್ನು ಬರೆಯಿರಿ, ಅಲ್ಲಿಗೆ ನಿಲ್ಲಿಸಿ.

ಕೊನೆಯ ಪುಟದ ‘ಉಪಯೋಗಗಳು’ ಪಟ್ಟಿಯನ್ನು ತೆಗೆದುಬಿಡಿ.

ಹೊಸ ಲೇಖನ 1,500 ಪದಗಳಲ್ಲಿರಲಿ. ವೃತ್ತಗಳ ಚಿತ್ರವನ್ನು ಕೈಯಲ್ಲಿಯೇ ಬರೆದು ಕಳುಹಿಸಿ, ನಮ್ಮ ಕಲಾವಿದರು ಅದನ್ನು ಅಚ್ಚಿಗೆ ಸಿದ್ಧಮಾಡುತ್ತಾರೆ. ಮತ್ತೆ, ಅಂದು ತರಗತಿಯಲ್ಲಿ ನೀವು ಆ ಹುಡುಗಿಗೆ ಏನು ಉತ್ತರ ಕೊಟ್ಟಿರಿ ಎಂಬುದನ್ನೂ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ, ಬೆಳಗಾವಿ